ಮದರಾಸಿನ ಸಾಲವೂ ನಮ್ಮ ಇಬ್ಬರು ಬೀಗರೂ

ನನ್ನ ಚೊಚ್ಚಲ ಹೆರಿಗೆಗೆ ತವರಿಗೆ ಕರೆದೊಯ್ಯಲು ಅಪ್ಪ ರಾಯದುರ್ಗಕ್ಕೆ ಬಂದಾಗ ನನಗೆ ಏಳು ತಿಂಗಳು. ಮರುದಿನ ಬೆಳಗಿನ ಬಸ್ಸಿಗೇ ಹೊರಡುವುದೆಂದು ಮಾತಾಗಿತ್ತು. ಹೊರಟದ್ದು ಐದನೆಯ ದಿನ. ನಡುವೆ ಮಳೆ ಬಂದಿರಲಿಲ್ಲ, ಯಾರಿಗೂ ಜ್ವರ ಬಂದಿರಲಿಲ್ಲ. ಮದರಾಸು ಸರ್ಕಾರದ ಸಾಲ ಯಾವ ಪಕ್ಷದ ಕಾಲದಲ್ಲಿ ಹೆಚ್ಚಾಯಿತು ಎಂಬುದು ನನ್ನ ಅಪ್ಪನಿಗೂ ಮಾವನವರಿಗೂ ನಡುವೆ ಇತ್ಯರ್ಥವಾಗಬೇಕಾಗಿತ್ತು, ಅಷ್ಟೇ.

ಅಪ್ಪನದು ಮಡಕಶಿರಾ ತಾಲ್ಲೂಕು, ರೊಳ್ಳದ ದಾರಿಯಲ್ಲಿ ಒಂದು ಸಣ್ಣ ಹಳ್ಳಿ. ಅರವತ್ತು ಕುರಿ, ಎರಡು ತುಂಡು ಬೆದ್ದಲು ಹೊಲ. ಸಂತೆಯಲ್ಲಿ ತೆಲುಗಿನಲ್ಲಿ ಚೌಕಾಸಿ ಮಾಡಿ, ಮನೆಗೆ ಬಂದು ಅದನ್ನೇ ಕನ್ನಡದಲ್ಲಿ ಇನ್ನಷ್ಟು ಚೆನ್ನಾಗಿ ವರ್ಣಿಸುವವನು. ಮಾವನವರಿಗೆ ಕಣೇಕಲ್ಲು ಕೆರೆಯ ಕೆಳಗೆ ಮೂರು ಎಕರೆ ಗದ್ದೆ, ರಾಯದುರ್ಗದಲ್ಲಿ ಬೆಟ್ಟದ ಬುಡದ ಬೀದಿಯಲ್ಲಿ ಮನೆ. ಅಷ್ಟು ದೂರದ ಸಂಬಂಧ ಹೇಗೆ ಕೂಡಿತೆಂದರೆ, ಒಂದು ಕುರಿಸಂತೆಯಲ್ಲಿ ಇಬ್ಬರ ಕಣ್ಣೂ ಒಂದೇ ಟಗರಿನ ಮೇಲೆ ಬಿದ್ದಿತ್ತಂತೆ. ಒಬ್ಬರ ಮೇಲೊಬ್ಬರು ಬೆಲೆ ಏರಿಸುತ್ತ ಹೋಗಿ, ಕೊನೆಗೆ ಟಗರನ್ನು ಮೂರನೆಯವನು ಹೊಡೆದುಕೊಂಡು ಹೋದ ಮೇಲೆ, ಇಬ್ಬರೂ ಒಂದೇ ಮರದ ಕೆಳಗೆ ಬುತ್ತಿ ಬಿಚ್ಚಿದರಂತೆ. ಊಟ ಮುಗಿಯುವಷ್ಟರಲ್ಲಿ ನನ್ನ ಮದುವೆಯ ಮಾತು ಅರ್ಧ ಆಗಿತ್ತು ಎಂದು ಅಪ್ಪ ಹೇಳುತ್ತಿದ್ದ.

ಆಗ ಮದರಾಸಿನ ಶಾಸನಸಭೆಗೆ ಚುನಾವಣೆ ಹತ್ತಿರ ಬಂದಿತ್ತು. ಬಹಳ ವರ್ಷಗಳಿಂದ ಅಧಿಕಾರದಲ್ಲಿದ್ದದ್ದು ಜರಿಪೇಟ ಸುತ್ತುವ ದೊಡ್ಡವರ ಪಕ್ಷ. ಎದುರಿಗೆ ನಿಂತದ್ದು ಖಾದಿಯವರ ಪಕ್ಷ. ಓದು ಬಾರದವರಿಗೆ ಗುರುತು ಸಿಗಲೆಂದು ಚೀಟಿ ಹಾಕುವ ಪೆಟ್ಟಿಗೆಗಳಿಗೆ ಬೇರೆ ಬೇರೆ ಬಣ್ಣ. ಖಾದಿಯವರದು ಹಳದಿ ಪೆಟ್ಟಿಗೆ. ಅಪ್ಪ ಹಳದಿ ಪೆಟ್ಟಿಗೆಯ ಕಡೆ, ಮಾವನವರು ಪೇಟದವರ ಕಡೆ. ಇಬ್ಬರಿಗೂ ಕಂದಾಯ ಕಟ್ಟುವ ಭೂಮಿ ಇದ್ದದ್ದರಿಂದ ಇಬ್ಬರಿಗೂ ಓಟಿತ್ತು.

ಬಂದ ದಿನ ಮಧ್ಯಾಹ್ನದ ಊಟಕ್ಕೆ ಕೂತಾಗಲೇ ಶುರುವಾಯಿತು. ಅಪ್ಪನೇ ತೆಗೆದ.

“ಬೀಗ್ರೆ, ನಿಮ್ಮ ಪೇಟದೋರು ಮದ್ರಾಸನ್ನೇ ಒತ್ತೆ ಇಟ್ಟವ್ರಂತೆ. ಕೋಟಿಗಟ್ಲೆ ಸಾಲ. ನಮ್ಮೂರಿಗೆ ಬಂದಿದ್ದ ಭಾಷಣದೋರು ಹೇಳುದ್ರು.”

“ಸಾಲ ಮಾಡ್ಯಾರ, ನಾ ಇಲ್ಲ ಅನ್ನಲ್ರಿ,” ಎಂದರು ಮಾವ. “ಯಾತಕ್ಕ ಮಾಡ್ಯಾರ ಅಂತ ಕೇಳ್ರಿ. ಕೆರಿ ತೂಬು ಒಡದು ಹೋಗಿತ್ತು. ಅದನ್ನ ಕಟ್ಟಿಸಿದ ಮ್ಯಾಲೆ ಬೆಳೆದ ಅನ್ನ ಐತಿ ನೋಡ್ರಿ, ಈಗ ನೀವು ಉಣ್ಣಾಕ ಹತ್ತಿದ್ದು.”

ಅಪ್ಪನ ಕೈ ತುತ್ತಿನ ಮೇಲೆ ನಿಂತಿತು. “ಅಂಗಂದ್ರೆ ನೀರು ನಿಮ್ಗೆ, ಬಡ್ಡಿ ನಮ್ಗೆ. ನಮ್ಮ ರೊಳ್ಳದ ಕಡೀಕೆ ಒಂದು ಬೊಗಸೆ ನೀರು ಕೊಟ್ಟವ್ರಾ ನಿಮ್ಮೋರು?”

“ನಿಮ್ಮ ಹಳದಿ ಪೆಟ್ಟಿಗಿಯವ್ರು ಬಂದು ಏನ್ಮಾಡ್ತಾರ? ಹೆಂಡದಂಗಡಿ ಮುಚ್ಚಸ್ತೀವಿ ಅಂತಾರ. ಅಬಕಾರಿ ರೊಕ್ಕ ಹೋದ ಮ್ಯಾಲೆ ಸಾಲಿ ಮಾಸ್ತರಿಗೆ ಪಗಾರ ಎಲ್ಲಿಂದ ಕೊಡ್ತಾರ? ಅವರೂ ಸಾಲ ಮಾಡ್ಲೇಬೇಕಲ್ರಿ.”

“ಅವ್ರು ಖಾದಿ ಉಟ್ಕಂಡು ರೈಲಲ್ಲಿ ಮೂರನೇ ಕ್ಲಾಸಲ್ಲಿ ಓಡಾಡೋರು. ಸಾಲ ಯಾಕ್ ಮಾಡ್ತಾರೆ?”

“ಅನ್ನ ಹಾಕ್ಲೇನ್ರಿ?” ಎಂದರು ಅತ್ತೆ. ಆ ಊಟದಲ್ಲಿ ಅವರು ಆಡಿದ ಮಾತು ಅದೊಂದೇ. ಅವರು ಯಾವಾಗಲೂ ಹಾಗೆಯೇ. ಮದುವೆಯಾಗಿ ಎರಡು ವರ್ಷವಾಗಿದ್ದರೂ ನನಗೆ ಅವರ ಮೌನದ ಭಯ ಬಿಟ್ಟಿರಲಿಲ್ಲ. ನನ್ನ ಗಂಡ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದರು. ಮಾತಿನ ಬಿಸಿ ಏರಿದ್ದು ಕಂಡು, ಇನ್ನೂ ಹೊತ್ತಾಗದಿದ್ದರೂ ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ನಡೆದುಬಿಟ್ಟರು.

ಮರುದಿನ ಬೆಳಿಗ್ಗೆ ಗಂಟು ಕಟ್ಟಿಟ್ಟು ನಾನು ಬಾಗಿಲಲ್ಲಿ ನಿಂತಿದ್ದೆ. ರೊಟ್ಟಿ ತಿನ್ನುತ್ತ ಅಪ್ಪ, “ಬಡ್ಡಿ ಕಟ್ಟೋಕೆ ಇನ್ನೊಂದು ಸಾಲ ಮಾಡ್ತಾರಂತಲ್ಲ ಬೀಗ್ರೆ, ಅದಾದ್ರೂ ನಿಜವಾ?” ಎಂದ. ಮಾವ ಕೈ ತೊಳೆದುಕೊಂಡು ಬಂದು ಸರಿಯಾಗಿ ಕೂತು ಉತ್ತರ ಕೊಡಲು ಶುರುಮಾಡಿದರು. ಅವರ ಉತ್ತರ ಮುಗಿದಾಗ ಬಸ್ಸು ಕಲ್ಯಾಣದುರ್ಗದ ಹತ್ತಿರ ಹತ್ತಿರ ಇದ್ದಿರಬೇಕು.

ಮೂರನೆಯ ದಿನ ಬಸ್ ಸ್ಟ್ಯಾಂಡಿನವರೆಗೂ ಹೋದೆವು. ನಾನು ಹತ್ತಿ ಕಿಟಕಿ ಪಕ್ಕ ಕೂತೆ, ಗಂಟನ್ನು ಬಸ್ಸಿನ ನೆತ್ತಿಗೆ ಹಾಕಿದರು, ಅಪ್ಪನೂ ಹತ್ತಿ ಕೂತ. ಕಿಟಕಿಯ ಕೆಳಗೆ ನಿಂತ ಮಾವ, “ಬೀಗರ, ಊರಿಗೆ ಹೋಗಿ ಒಂದು ವಿಚಾರ ಮಾಡ್ರಿ. ಪೇಟದವ್ರು ಬರೋಕ್ಕಿಂತ ಮೊದ್ಲು ಸಾಲ ಇರ್ಲಿಲ್ಲೇನು?” ಎಂದುಬಿಟ್ಟರು. ಅಪ್ಪನಿಗೆ ಕಿಟಕಿಯಿಂದ ಉತ್ತರ ಕೊಡುವುದು ಸಾಲದೆನಿಸಿತು. ಕೆಳಗಿಳಿದ. ಬಸ್ಸಿನ ಏಜೆಂಟ್ ಕೂಡ ಹಳದಿ ಪೆಟ್ಟಿಗೆಯವನು. ಅವನೂ ಟಿಕೆಟ್ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಮಾತಿಗೆ ಸೇರಿದ. ಡ್ರೈವರಿಗೆ ರಾಜಕೀಯದ ಗೊಡವೆ ಇರಲಿಲ್ಲ. ಅವನು ಹೊತ್ತಿಗೆ ಸರಿಯಾಗಿ ಬಸ್ಸು ಬಿಟ್ಟ. ನಾನು ಒಳಗೆ, ಅಪ್ಪ ಹೊರಗೆ. ನಾನು ಕೂಗಿದ ಕೂಗಿಗೆ ಬಸ್ಸಿನೊಳಗಿದ್ದ ಕೋಳಿಗಳೆಲ್ಲ ಕೂಗಿಕೊಂಡವು. ಬಸ್ಸು ನಿಂತಿತು, ನಾನು ಇಳಿದದ್ದೇ ಮತ್ತೆ ಹೊರಟುಬಿಟ್ಟಿತು. ನೋಡಿದರೆ ನಾನು ಬಸ್ಸಿನ ಹಿಂದೆ, ಗಂಟು ಬಸ್ಸಿನ ಮೇಲೆ. ಅತ್ತೆ ಕಟ್ಟಿಕೊಟ್ಟಿದ್ದ ಚಕ್ಕುಲಿ ಸಮೇತ ಅದು ಕಲ್ಯಾಣದುರ್ಗಕ್ಕೆ ಹೋಗಿ, ಮರುದಿನ ಬೆಳಿಗ್ಗೆ ವಾಪಸು ಬಂತು. ಚಕ್ಕುಲಿ ಸ್ವಲ್ಪ ಕಡಿಮೆಯಾಗಿತ್ತು.

ನಾಲ್ಕನೆಯ ದಿನ ನಾನೇ ಬಾಯಿ ಬಿಟ್ಟೆ. “ಅಪ್ಪ, ಮಾವಾರ, ಊರಲ್ಲಿ ವಾಚನಾಲಯ ಇದೆ. ಅಲ್ಲಿ ಪೇಪರ್ ಬರುತ್ತೆ. ಹೋಗಿ ಕೇಳೋಣ. ಗೊತ್ತಾದ ಮೇಲಾದರೂ ನನ್ನನ್ನ ತವರಿಗೆ ಕಳಿಸ್ತೀರಾ?”

ನಾನು ಮಡಕಶಿರಾದಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಐದನೇ ಕ್ಲಾಸು ಓದಿದವಳು. ಮನೆಯಲ್ಲಿ ಕಾಗದ ಓದುವುದು, ಬರೆಯುವುದು ನನ್ನದೇ. ಆದರೂ ರಾಯದುರ್ಗದ ವಾಚನಾಲಯಕ್ಕೆ ಅದುವರೆಗೆ ಹೆಂಗಸರು ಕಾಲಿಟ್ಟದ್ದು ನಾನು ಕೇಳಿರಲಿಲ್ಲ. ಮುಂದೆ ಇಬ್ಬರು ಹಿರಿಯರು, ಹಿಂದೆ ಏಳು ತಿಂಗಳ ಬಸುರಿ. ನಾವು ಒಳಗೆ ಹೋದಾಗ ಬೆಂಚಿನ ಮೇಲಿದ್ದ ನಾಲ್ಕು ಜನ ಪೇಪರ್ ಮಡಚಿ ಎದ್ದು ನಿಂತರು.

ವಾಚನಾಲಯ ನೋಡಿಕೊಳ್ಳುತ್ತಿದ್ದವರು ಪೆನ್ಷನ್ ಆದ ಪೋಸ್ಟ್ ಮಾಸ್ತರು. ಸಣ್ಣ ಆಳು, ದಪ್ಪ ಕನ್ನಡಕ. ಪ್ರತಿ ವರ್ಷ ಮದರಾಸು ಸರ್ಕಾರ ತನ್ನ ಖರ್ಚುವೆಚ್ಚದ ಲೆಕ್ಕ ಮಂಡಿಸಿದ ಮರುದಿನದ ಪೇಪರನ್ನು ಕತ್ತರಿಸಿ, ಮೈದಾ ಅಂಟಿನಲ್ಲಿ ಒಂದು ದಪ್ಪ ಪುಸ್ತಕಕ್ಕೆ ಅಂಟಿಸುವುದು ಅವರ ಹವ್ಯಾಸ. ಇಷ್ಟು ವರ್ಷಗಳಲ್ಲಿ ಆ ಪುಸ್ತಕ ತೋರಿಸಿ ಎಂದು ಯಾರೂ ಕೇಳಿರಲಿಲ್ಲವಂತೆ. ಖುಷಿಯಿಂದ ಅದರ ಧೂಳನ್ನು ಪಂಚೆಯ ತುದಿಯಲ್ಲಿ ಒರೆಸಿ ಬಿಚ್ಚಿದರು. ಕೆಲವು ತುಂಡು ತೆಲುಗಿನವು, ಕೆಲವು ಇಂಗ್ಲಿಷಿನವು. ಒಂದೊಂದೇ ವರ್ಷ ಓದಿ ಕನ್ನಡದಲ್ಲಿ ಹೇಳಿದರು.

“ಪೇಟದವ್ರು ಬರೋಕ್ಕಿಂತ ಮುಂಚೆ, ಬಿಳಿ ದೊರೆಗಳೇ ಆಳೋ ಕಾಲದಾಗೂ ಸಾಲ ಇತ್ರಿ,” ಎಂದರು.

ಮಾವನವರ ಮೀಸೆ ನೆಟ್ಟಗಾಯಿತು.

“ಇವರು ಬಂದ ಮ್ಯಾಲೆ ಏರೈತ್ರಿ.”

ಅಪ್ಪ ತೊಡೆ ತಟ್ಟಿಕೊಂಡ. “ಕೇಳುದ್ರಾ ಬೀಗ್ರೆ?”

“ದೊಡ್ಡ ಅಣೆಕಟ್ಟು ಕಟ್ಟಿದ ವರ್ಷ ಬಾಳ ಏರೈತಿ. ನಡುವೆ ಒಂದೆರಡು ವರ್ಷ ಇಳದೈತಿ. ಹಳದಿ ಪೆಟ್ಟಿಗಿಯವ್ರದು ನನ್ನ ಪುಸ್ತಕದಾಗ ಇಲ್ರಿ, ಅವರಿನ್ನೂ ಕುರ್ಚಿ ಮ್ಯಾಲೆ ಕುಂತಿಲ್ಲಲ್ಲ. ಖಾಲಿ ಹಾಳಿ ಬಿಟ್ಟೀನಿ.”

ಇಬ್ಬರೂ ಆ ಖಾಲಿ ಹಾಳೆಯನ್ನು ಬಗ್ಗಿ ನೋಡಿದರು. ಅಪ್ಪನಿಗೆ ಅದು ಶುಭ್ರವಾಗಿ ಕಂಡಿತು. ಮಾವನವರಿಗೆ ಅದು ತುಂಬುವುದು ತಡವಿಲ್ಲ ಎಂದು ಕಂಡಿತು. ಇಬ್ಬರೂ ಅದನ್ನೇ ಬಾಯಲ್ಲೂ ಹೇಳಿದರು, ಒಟ್ಟಿಗೆ.

ಆಮೇಲೆ ಮಾವ ಕೇಳಿದರು: “ಅಲ್ರಿ ಮಾಸ್ತರ, ಇಷ್ಟು ರೊಕ್ಕ ಸರ್ಕಾರಕ್ಕ ಸಾಲ ಕೊಟ್ಟೋರಾದ್ರೂ ಯಾರು? ಲಂಡನ್ನಿನ ಸಾವ್ಕಾರ್ರಾ?”

“ಅವರೂ ಅದಾರ. ಮತ್ತ ನಮ್ಮಂಥೋರೂ ಅದಾರ್ರಿ. ಪೋಸ್ಟಾಫೀಸಿನಾಗ ಜನ ಇಟ್ಟ ರೊಕ್ಕ ಡಿಲ್ಲಿ ಸರ್ಕಾರಕ್ಕ ಹೋಗ್ತೈತಿ. ಡಿಲ್ಲಿಯವ್ರು ಮದ್ರಾಸಿಗೆ ಸಾಲ ಕೊಡ್ತಾರ. ಲಂಡನ್ ಯಾಕ, ನಿಮ್ಮ ಮನ್ಯಾಗ...” ಎಂದವರು ತಟ್ಟನೆ ನಿಲ್ಲಿಸಿ, ನಾಲಿಗೆ ಕಚ್ಚಿಕೊಂಡು, ಕನ್ನಡಕ ತೆಗೆದು ಒರೆಸತೊಡಗಿದರು.

“ನಮ್ಮ ಮನ್ಯಾಗ ಏನ್ರಿ?”

“ಏನಿಲ್ರಿ.”

“ಮಾಸ್ತರ!”

“ಹೇಳಬ್ಯಾಡ ಅಂದಾರ್ರಿ ನಿಮ್ಮ ಮನೆಯವ್ರು. ಮನಿಗೆ ಹೋಗಿ ಅವರನ್ನೇ ಕೇಳ್ರಿ,” ಎಂದು ಪುಸ್ತಕ ಮುಚ್ಚಿಬಿಟ್ಟರು.

ಮಾವ ನಮಗಿಂತ ನಾಲ್ಕು ಹೆಜ್ಜೆ ಮುಂದಾಗಿ ಮನೆಯ ಕಡೆ ನಡೆದರು. ಅಪ್ಪ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ನನಗೆ ಮಾತ್ರ ಒಂದೇ ಚಿಂತೆ. ನನ್ನಿಂದಾಗಿ ಅತ್ತೆಗೆ ಏನಾದರೂ ಆದರೆ ಎಂದು.

ಅತ್ತೆ ಹಿತ್ತಲಲ್ಲಿ ಬೆಣ್ಣೆ ಕಾಯಿಸಿ ತುಪ್ಪ ಸೋಸುತ್ತಿದ್ದರು. ನಮ್ಮ ಮನೆಯಲ್ಲಿ ಎರಡು ಎಮ್ಮೆ. ಮನೆ ಖರ್ಚಿಗೆ ತೆಗೆದಿಟ್ಟು ಉಳಿದ ತುಪ್ಪವನ್ನು ಅವರು ಸ್ಟೇಷನ್ ಹತ್ತಿರದ ಹೋಟೆಲಿಗೆ ಕೊಡುತ್ತಿದ್ದರು. ಆ ದುಡ್ಡು ಏನಾಗುತ್ತಿತ್ತೆಂದು ಯಾರೂ ಕೇಳಿರಲಿಲ್ಲ. ಉಪ್ಪು, ಮೆಣಸಿನಕಾಯಿಗೆ ಆಗುತ್ತಿತ್ತು ಎಂದುಕೊಂಡಿದ್ದೆವು.

“ಸರ್ಕಾರ ನಿನಗ ಸಾಲ ಕೊಡಬೇಕಂತಲ್ಲ?” ಎಂದರು ಮಾವ, ಬಾಗಿಲಲ್ಲೇ ನಿಂತು.

ಅತ್ತೆ ಸೋಸುವ ಬಟ್ಟೆಯನ್ನು ಹಿಂಡಿ ಪಕ್ಕಕ್ಕಿಟ್ಟರು. “ಹೌದ್ರಿ. ಆರು ಕಾಗದ ಅದಾವ. ಎರಡರ ಅವಧಿ ಮುಗದೈತಿ. ನಾಕರದು ಇನ್ನೂ ಐತಿ.”

“ನನಗ ಯಾಕ ಹೇಳ್ಲಿಲ್ಲ?”

“ನೀವು ಕೇಳ್ಲಿಲ್ಲ. ಸರ್ಕಾರ ಎಷ್ಟು ಸಾಲ ಮಾಡೈತಿ ಅಂತ ಊರೆಲ್ಲ ಕೇಳಿದ್ರಿ. ಕೊಟ್ಟೋರು ಯಾರಂತ ಮನ್ಯಾಗ ಕೇಳ್ಲಿಲ್ಲ.”

“ಅಲ್ಲ, ಪೋಸ್ಟಾಫೀಸಿಗೆ ಯಾಕ ಹಾಕಿದಿ? ಮನ್ಯಾಗ ಇಡಬೇಕಿತ್ತು.”

“ಮನ್ಯಾಗಿದ್ರ ನೀವು ಅದಕ್ಕೊಂದು ಟಗರು ತರ್ತಿದ್ರಿ.”

ಅಪ್ಪ ಮೊದಲು ಕೆಮ್ಮಿದ. ಕೆಮ್ಮು ನಗುವಾಯಿತು. ಮಾವ ಅವನ ಕಡೆ ಕೋಪದಿಂದ ತಿರುಗಿದವರು, ಅವನ ಮುಖ ನೋಡಿ ತಾವೂ ನಕ್ಕುಬಿಟ್ಟರು. ನಕ್ಕು ನಕ್ಕು ತೊಲೆಗಂಬಕ್ಕೆ ಒರಗಿ ಕೂತರು. ನಾನು ಆ ಎರಡು ವರ್ಷಗಳಲ್ಲಿ ಅತ್ತೆಯ ಮುಖದಲ್ಲಿ ಅಂಥ ನಗು ಕಂಡದ್ದು ಅದೇ ಮೊದಲು. ತುಟಿ ಬಿಚ್ಚಿರಲಿಲ್ಲ, ಕಣ್ಣಷ್ಟೇ ನಗುತ್ತಿತ್ತು. ಇವರ ಮೌನಕ್ಕೆ ನಾನು ಸುಮ್ಮನೆ ಹೆದರಿದ್ದೆ ಎಂದು ಅಂದು ನನಗೆ ತಿಳಿಯಿತು. ಅವರು ಮಾತು ಮಿಗಿಸುತ್ತಿದ್ದರು, ತುಪ್ಪ ಮಿಗಿಸುವ ಹಾಗೆ.

ಪೆಟ್ಟಿಗೆಯ ತಳದಿಂದ, ಮದುವೆ ಸೀರೆಯ ಮಡಿಕೆಯಿಂದ, ಕಾಗದಗಳನ್ನು ತಂದು ನನ್ನ ಕೈಗೆ ಕೊಟ್ಟರು. ಒಂದೊಂದೂ ಹತ್ತು ರೂಪಾಯಿಯ ಪೋಸ್ಟಾಫೀಸ್ ಸರ್ಟಿಫಿಕೇಟು. ಕೊಳ್ಳುವಾಗ ಹತ್ತಕ್ಕಿಂತ ಕಡಿಮೆ ಕೊಟ್ಟು ಐದು ವರ್ಷ ಕಾದರೆ ಪೂರಾ ಹತ್ತು ಸಿಗುವುದು. ಪೋಸ್ಟ್ ಮಾಸ್ತರು ಕೆಲಸದಲ್ಲಿದ್ದಾಗ ತಾವೇ ಅರ್ಜಿ ತುಂಬಿ, ಇವರ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರಂತೆ. ಅವರಿಗೆ ಪೆನ್ಷನ್ ಆದ ಮೇಲೂ ಅತ್ತೆ ಅವರನ್ನೇ ಕೇಳಿ ಸರ್ಟಿಫಿಕೇಟು ಕೊಳ್ಳುತ್ತಿದ್ದರು.

“ಎರಡನ್ನ ಮುರಸ್ತೀನಿ,” ಎಂದರು ಅತ್ತೆ. “ಬಾಡಿಗಿ ಮೋಟಾರು ಮಾಡ್ರಿ. ಏಳು ತಿಂಗಳ ಹೊಟ್ಟಿ ಆ ಬಸ್ಸಿನಾಗ ಕುಣಿಸ್ಕೋತ ಒಯ್ಯೋದು ಬ್ಯಾಡ. ಮತ್ತ ಬಸ್ಸು ನಿಮ್ಮಿಬ್ಬರಿಗೆ ಕಾಯಂಗಿಲ್ಲ. ಬಾಡಿಗಿ ಮೋಟಾರಾದ್ರ ಕಾಯ್ತೈತಿ. ನಾನೂ ಬರ್ತೀನಿ. ನಾನು ಆ ಸೀಮಿ ನೋಡಿಲ್ಲ.”

ಸರ್ಕಾರ ಸಾಲ ತೀರಿಸುವುದನ್ನು ಕಣ್ಣಾರೆ ನೋಡಬೇಕೆಂದು ಅಂದು ಮಧ್ಯಾಹ್ನ ನಾವೆಲ್ಲರೂ ಪೋಸ್ಟಾಫೀಸಿಗೆ ಹೋದೆವು. ಗುಮಾಸ್ತೆ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ, ಹೆಬ್ಬೆಟ್ಟು ತಾಳೆ ಹಾಕಿದ, ಎರಡು ನೋಟು ಎಣಿಸಿ ಕಿಂಡಿಯೊಳಗಿಂದ ತಳ್ಳಿದ. ಅಷ್ಟೇ. ಅಪ್ಪನಿಗೆ ನಿರಾಸೆಯಾದಂತಿತ್ತು. ಸಾಲ ತೀರುವಾಗ ಇನ್ನೂ ಏನೋ ಗದ್ದಲ ಇರುತ್ತದೆಂದುಕೊಂಡಿದ್ದ.

ಮೆಟ್ಟಿಲಿಳಿಯುತ್ತ ಅವನು ಅತ್ತೆಯನ್ನು ಕೇಳಿದ: “ಬೀಗಮ್ಮ, ಇವನ್ನ ತಗಂಡಾಗ ಯಾವ ಪಕ್ಷ ಇತ್ತು?”

“ಪಕ್ಷ ನೋಡಿ ತಗೊಂಡಿಲ್ರಿ,” ಎಂದರು ಅತ್ತೆ. “ಎಮ್ಮಿ ಹಾಲು ಕೊಡೋವಾಗ ತಗೊಂಡೀನಿ. ಬತ್ತಿದಾಗ ಬಿಟ್ಟೀನಿ.”

ಐದನೆಯ ದಿನ ಹೊತ್ತು ಮೂಡುವ ಮುಂಚೆ ಮೋಟಾರು ಮನೆ ಮುಂದೆ ಬಂದು ನಿಂತಿತು. ಅದರ ಯಜಮಾನನೇ ಡ್ರೈವರು. ಮುಂದೆ ಅವನ ಪಕ್ಕ ಮಾವ. ಹಿಂದೆ ನಾನು, ಅತ್ತೆ, ಅಪ್ಪ. ಕಲ್ಯಾಣದುರ್ಗ ದಾಟಿ, ಮೈಸೂರು ಸೀಮೆಯ ಪಾವಗಡದಲ್ಲಿ ಇಡ್ಲಿ ತಿಂದು, ಮತ್ತೆ ಮದರಾಸಿನ ಗಡಿಯೊಳಕ್ಕೆ ಬಂದೆವು. ದಾರಿಯುದ್ದಕ್ಕೂ ಮಾವ ಕತ್ತು ಹಿಂದಕ್ಕೆ ತಿರುಗಿಸಿ ಮಾತಾಡಿ, ಪಾವಗಡ ಬರುವಷ್ಟರಲ್ಲಿ ಕತ್ತು ಹಿಡಿದುಕೊಂಡಿತ್ತು. ಆಮೇಲೆ ರಸ್ತೆಗೆ ಮುಖ ಮಾಡಿಕೊಂಡೇ ವಾದ ಮಾಡಿದರು. ಅಪ್ಪನಿಗೆ ಅವರ ಬೆನ್ನಿಗೆ ಉತ್ತರ ಕೊಡಬೇಕಾಯಿತು.

ನಮ್ಮ ಹಳ್ಳಿಗೆ ಇನ್ನೂ ಎರಡು ಮೈಲಿ ಇರುವಾಗ ಒಂದು ಮರಳು ಹಳ್ಳ. ಬೇಸಿಗೆಯಲ್ಲಿ ನೀರಿರುವುದಿಲ್ಲ, ಬರೀ ಮರಳು. ಎತ್ತಿನ ಗಾಡಿಗೇ ಕಷ್ಟ. ಮೋಟಾರು ನಡುವೆ ಹೋಗಿ ಹೂತುಕೊಂಡಿತು. ನನ್ನನ್ನೂ ಅತ್ತೆಯನ್ನೂ ಇಳಿಸಿ ದಡದ ಹೊಂಗೆಮರದ ಕೆಳಗೆ ಕೂರಿಸಿದರು. ಡ್ರೈವರ್ ಸ್ಟೇರಿಂಗ್ ಹಿಡಿದ. ಇಬ್ಬರು ಬೀಗರು ಪಂಚೆ ಮೇಲಕ್ಕೆ ಕಟ್ಟಿ ಹಿಂದಿನಿಂದ ತಳ್ಳತೊಡಗಿದರು. ಚಕ್ರ ತಿರುಗಿದ ಹಾಗೆಲ್ಲ ಇಬ್ಬರ ಮೇಲೂ ಮರಳು ಎರಚುತ್ತಿತ್ತು.

“ಇಲ್ಲೊಂದು ಸೇತುವೆ ಕಟ್ಟಿಸ್ಬಾರ್ದಾ ಈ ಸರ್ಕಾರ!” ಎಂದು ಅಪ್ಪ ಏದುಸಿರು ಬಿಟ್ಟ.

ಮಾವ ತಳ್ಳುವುದನ್ನು ನಿಲ್ಲಿಸಿದರು. ಬೆನ್ನು ನೆಟ್ಟಗೆ ಮಾಡಿದರು. ಮರಳು ತುಂಬಿದ ಮೀಸೆ ಒರೆಸಿಕೊಂಡು ಬಹಳ ಸಮಾಧಾನದಿಂದ ಕೇಳಿದರು: “ಕಟ್ಟಸ್ಬೋದ್ರಿ ಬೀಗರ. ಸಾಲ ಮಾಡಿದ್ರ ಕಟ್ಟಸ್ಬೋದು. ಮಾಡ್ಲೇನು?”

ಅಪ್ಪ ಮೋಟಾರಿಗೆ ಮತ್ತೆ ಭುಜ ಕೊಟ್ಟ. “ಮೊದ್ಲು ತಳ್ರಿ ಬೀಗ್ರೆ,” ಎಂದ. ನನಗೆ ಹೊಟ್ಟೆ ಹಿಡಿದುಕೊಂಡು ನಗುವುದಕ್ಕೂ ಭಯ. ಅತ್ತೆ ನನ್ನ ಬೆನ್ನು ಸವರುತ್ತ, “ನಗಬ್ಯಾಡವ್ವಾ, ನಗಬ್ಯಾಡ,” ಎನ್ನುತ್ತಿದ್ದರು, ಸೆರಗು ಬಾಯಿಗೆ ಒತ್ತಿಕೊಂಡು.

ಮಾವನೂ ಅತ್ತೆಯೂ ಮೂರು ದಿನ ನಮ್ಮೂರಲ್ಲಿದ್ದು ವಾಪಸು ಹೋದರು. ಚುನಾವಣೆ ನಡೆಯಿತು. ಅಪ್ಪ ಇಲ್ಲಿ ಹಳದಿ ಪೆಟ್ಟಿಗೆಗೆ ಹಾಕಿದ, ಮಾವ ಅಲ್ಲಿ ಪೇಟದವರ ಪೆಟ್ಟಿಗೆಗೆ. ಹಳದಿ ಪೆಟ್ಟಿಗೆ ಗೆದ್ದಿತು. ಅದಾದ ಕೆಲವು ವಾರಕ್ಕೆ ನನಗೆ ಹೆಣ್ಣುಮಗು ಹುಟ್ಟಿತು. ಎರಡಕ್ಕೂ ಸೇರಿಸಿ ಮಾವ ಒಂದೇ ಕಾರ್ಡು ಬರೆಸಿದ್ದರು: ಮೊಮ್ಮಗಳಿಗೆ ಆಶೀರ್ವಾದ, ಹೊಸ ಸರ್ಕಾರದ ಮೇಲೆ ಒಂದು ಕಣ್ಣಿಡುವುದು.

ಹೊಸ ಸರ್ಕಾರ ಬಂದ ಎರಡನೆಯ ವರ್ಷ ಆ ಮರಳು ಹಳ್ಳಕ್ಕೆ ನಿಜವಾಗಿಯೂ ಸೇತುವೆ ಬಂತು. ಮೂರು ಕಮಾನಿನ ಸಣ್ಣ ಸೇತುವೆ. ಮಗಳನ್ನು ಎತ್ತಿಕೊಂಡು ನಾನು ತವರಿಗೆ ಬಂದಾಗ, ಮೊಮ್ಮಗಳ ನೆಪದಲ್ಲಿ ಮಾವನೂ ಜೊತೆಗೆ ಬಂದಿದ್ದರು. ಸೇತುವೆಯ ಮೇಲೆ ಬಸ್ಸು ಸರಾಗವಾಗಿ ದಾಟಿತು. ಅಪ್ಪ ಅಲ್ಲಿಯೇ ನಮಗಾಗಿ ಕಾಯುತ್ತಿದ್ದ, ಹೊಸ ಕಟ್ಟೆಯ ಮೇಲೆ ಕೈ ಇಟ್ಟುಕೊಂಡು, ತಾನೇ ಕಟ್ಟಿಸಿದವನಂತೆ.

“ಸಾಲದ ರೊಕ್ಕದಾಗ ಕಟ್ಟ್ಯಾರಂತಲ್ರಿ,” ಎಂದರು ಮಾವ, ಬಸ್ಸಿನಿಂದ ಇಳಿದ ಕೂಡಲೇ. “ಪೋಸ್ಟ್ ಮಾಸ್ತರು ಪುಸ್ತಕದಾಗ ಹಚ್ಚ್ಯಾರ. ಮದ್ರಾಸನ್ನ ಒತ್ತಿ ಇಟ್ಟಾರಂತ ಹೇಳ್ರಿ. ಬಡ್ಡಿ ಕಟ್ಟೋರು ಯಾರು?”

“ಯಾತಕ್ಕೆ ಮಾಡವ್ರೆ ಅಂತ ಕೇಳಿ ಬೀಗ್ರೆ. ಮಳೆಗಾಲದಾಗೆ ಹೆರಿಗೆ ನೋವು ಬಂದೋರು ಈ ದಡದಾಗೇ ಕೂತಿರ್ತಿದ್ರು. ಈಗ ದಾಟ್ತಾರೆ.”

“ಸೇತುವಿ ನಿಮಗ, ಬಡ್ಡಿ ನಮಗ.”

“ಕಣೇಕಲ್ಲು ತೂಬು ಯಾರ ದುಡ್ಡಾಗೆ ಆಯ್ತು?”

ನಾನು ಮಗಳನ್ನು ಸೊಂಟದ ಮೇಲೆ ಸರಿಸಿಕೊಂಡು ಮನೆಯ ಕಡೆ ನಡೆದೆ. ಎರಡು ವರ್ಷದ ಹಿಂದೆ ಒಬ್ಬರು ಆಡಿದ ಮಾತನ್ನು ಈಗ ಇನ್ನೊಬ್ಬರು ಆಡುತ್ತಿದ್ದರು. ಇಬ್ಬರಿಗೂ ಅದು ಗೊತ್ತಿತ್ತೆಂದು ನನಗೆ ಈಗಲೂ ಗುಮಾನಿ. ಇಬ್ಬರೂ ಅಷ್ಟು ಸಂತೋಷವಾಗಿದ್ದರು.

ಆಮೇಲೆ ಯುದ್ಧ ಬಂತು. ಹಳದಿ ಪೆಟ್ಟಿಗೆಯ ಮಂತ್ರಿಗಳು ರಾಜೀನಾಮೆ ಕೊಟ್ಟು ಮನೆಗೆ ಹೋದರು. ಪೇಟದವರೂ ಮತ್ತೆ ಬರಲಿಲ್ಲ. ಗವರ್ನರೂ ಅವರ ಅಧಿಕಾರಿಗಳೂ ಆಳತೊಡಗಿದರು. ಮದರಾಸಿನಲ್ಲಿ ಯಾವ ಪಕ್ಷವೂ ಇಲ್ಲ, ಸಾಲ ಮಾತ್ರ ಇದೆ. ಆ ವರ್ಷ ನನ್ನ ಎರಡನೆಯ ಬಾಣಂತನಕ್ಕೆ ಮಾವ, ಅತ್ತೆ ನಮ್ಮೂರಿಗೆ ಬಂದರು. ಇಬ್ಬರು ಬೀಗರೂ ಊಟಕ್ಕೆ ಕೂತು, ಯಾರ ಪರ ಮಾತಾಡಬೇಕೋ ತಿಳಿಯದೆ, ಮುದ್ದೆ ಚೆನ್ನಾಗಿದೆ, ಸಾರು ಚೆನ್ನಾಗಿದೆ ಎಂದು ಹೇಳಿ ಎದ್ದರು. ಎರಡು ದಿನ ಮನೆ ಅಷ್ಟು ಸಪ್ಪೆಯಾಗಿತ್ತೆಂದರೆ, “ಯಾರನ್ನಾದ್ರೂ ಬಯ್ಯಬಾರ್ದಾ, ಏನಾಗೈತೆ ನಿಮ್ಗೆ?” ಎಂದು ನಮ್ಮವ್ವನೇ ಗೋಗರೆದಳು.

ಮೂರನೆಯ ದಿನ ಅವ್ವ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು, ನಾಲ್ಕು ಕವಡೆ ತಂದು ಇಬ್ಬರ ನಡುವೆ ಇಟ್ಟಳು. ಕಾಲು ಗಂಟೆ ಕಳೆಯಲಿಲ್ಲ, ಒಂದು ಕವಡೆ ಓರೆಯಾಗಿ ನಿಂತಿತು. ಅದು ಅಂಗಾತ ಬಿದ್ದದ್ದೋ ಮಗುಚಿದ್ದೋ ಎಂದು ಶುರುವಾದ ಗಲಾಟೆಗೆ ಎದುರು ಮನೆಯವರು ಹೊರಗೆ ಬಂದರು. ಒಳಗೆ ಬಾಣಂತಿ ಕೋಣೆಯಲ್ಲಿ ಅತ್ತೆ ಮಗುವಿಗೆ ಎಣ್ಣೆ ಹಚ್ಚುತ್ತಿದ್ದರು. ಕಿವಿಗೊಟ್ಟು ಕೇಳಿ, ನನ್ನ ಕಡೆ ನೋಡಿ, ಬಾಗಿಲನ್ನು ಕಾಲಿನಿಂದ ಮೆಲ್ಲಗೆ ದೂಡಿ ಮುಚ್ಚಿದರು.